ಹನ್ನೆರಡು ಸಲ ‘ಗ್ರಾಫಿಕ್’

ಅರಸೀಕೆರೆಯ ನನ್ನ ಗೆಳೆಯನ ಲ್ಯಾಪ್‌ಟಾಪ್ ಪರದೆ ಸದಾ ಕಪ್ಪು. ಹುಟ್ಟಿನಿಂದ ದೃಷ್ಟಿಯಿಲ್ಲದ ಅವನಿಗೆ ಬೆಳಕೇಕೆ, ಬ್ಯಾಟರಿಯಾದರೂ ಉಳಿಯಲಿ ಅಂತಾನೆ. ಮೌಸ್ ಕೂಡ ಮುಟ್ಟುವುದಿಲ್ಲ. ಇಯರ್‌ಫೋನಿನಲ್ಲಿ ಕನ್ನಡ ಎಷ್ಟು ವೇಗವಾಗಿ ಓಡುತ್ತದೆಂದರೆ ನನಗೆ ಜೇನ್ನೊಣ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಅವನು ಅದನ್ನೇ ಕೇಳುತ್ತಾ ಪರೀಕ್ಷೆಗೆ ಓದುತ್ತಾನೆ.

ಹೀಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶದ ಹೆಸರು ಎನ್‌ವಿಡಿಎ. ಬರೆದವರು ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ. ಇಬ್ಬರೂ ಅಂಧರೇ. ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಗೆಳೆಯರಾದವರು. ಇಂಥ ತಂತ್ರಾಂಶಕ್ಕೆ ಆಗ ಕೆಲವೊಮ್ಮೆ ಕಂಪ್ಯೂಟರಿಗಿಂತ ಹೆಚ್ಚು ದುಡ್ಡು ಕೊಡಬೇಕಿತ್ತು. 2006ರಲ್ಲಿ ಕರನ್ ತಾವೇ ಒಂದನ್ನು ಬರೆಯಲು ಕೂತರು, ಟೆ ಜೊತೆಯಾದರು. ಇವತ್ತಿಗೂ ಅದು ಉಚಿತ. ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶದ ದನಿ ಸೇರಿದ್ದರಿಂದ ಕನ್ನಡವನ್ನೂ ಓದುತ್ತದೆ.

ಆದರೆ ಓದುವುದಕ್ಕೆ ನಾವು ಬಿಡಬೇಕಲ್ಲ! ಕಳೆದ ಸೆಮಿಸ್ಟರ್‌ನಲ್ಲಿ ಅವನಿಗೆ ಸಿಕ್ಕ ನೋಟ್ಸ್ ಹಳೆಯ ಫಾಂಟಿನದು. ಯುನಿಕೋಡ್ ಅಲ್ಲದ ಆ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಂಡರೂ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತಿತರ ಅಕ್ಷರಗಳ ಕಲಸುಮೇಲೋಗರ. ಎನ್‌ವಿಡಿಎ ಅದನ್ನೇ ನಿಷ್ಠೆಯಿಂದ ಓದಿತು. ಇನ್ನೊಂದು ವಿಷಯದ ನೋಟ್ಸ್ ಬರೀ ಫೋಟೊ. ಮೂರು ದಿನ ನಾನು ಓದಿ ಹೇಳಿದೆ, ಅವನು ಟೈಪ್ ಮಾಡಿಕೊಂಡ. ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ, ಕೆಲವೇ ನಿಮಿಷದ ಕೆಲಸ ಎಂದು ಆಮೇಲೆ ತಿಳಿಯಿತು. ಕಳಿಸಿದವರಿಗೆ ತಿಳಿದಿತ್ತೋ ಇಲ್ಲವೋ.

ನಾನೇನು ಕಡಿಮೆ? ಬೇಲೂರು, ಹಳೇಬೀಡಿಗೆ ಹೋಗಿಬಂದು ಪ್ರವಾಸದ ವರದಿ ಬರೆದು, ಹನ್ನೆರಡು ಚಿತ್ರ ಅಂಟಿಸಿ ಅವನಿಗೆ ಕಳಿಸಿದ್ದೆ. ಯಂತ್ರ ಹನ್ನೆರಡು ಸಲ ‘ಗ್ರಾಫಿಕ್’ ಎಂದು ಸುಮ್ಮನಾಯಿತು. “ಅಷ್ಟೇನಾ ಬೇಲೂರು?” ಅಂದ.

ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ವಿವರಣೆ ಬರೆಯಲು ಜಾಗವಿದೆ ಎಂದು ತೋರಿಸಿಕೊಟ್ಟವನೂ ಅವನೇ. ಬರೆಯಲು ಕೂತೆ. ಬೇಲೂರಿನ ದರ್ಪಣಸುಂದರಿಗೆ ‘ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾಳೆ’ ಎಂದೆ. ಹಳೇಬೀಡಿನ ಗೋಡೆಗೆ ‘ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು’ ಎಂದು ಬರೆದೆ. ಕೇಳಿಸಿಕೊಂಡು ಕೇಳಿದ: “ಆನೆಗಳು ಯಾವ ಕಡೆಗೆ ನಡೀತಿವೆ ಕಣೋ?”

ಅರ್ಧ ದಿನ ಅಲ್ಲೇ ನಿಂತು ಫೋಟೊ ತೆಗೆದಿದ್ದೆ. ಆದರೂ ನೆನಪಿಗೆ ಬರಲಿಲ್ಲ. ಫೋನ್ ತೆಗೆದು ಮತ್ತೆ ನೋಡಿದೆ.