ಹಳೆ ಡೆಸ್ಕ್‌ಟಾಪ್‌ನಲ್ಲೇ ಗೇಮಿಂಗ್: ಕಡಿಮೆ ಬಜೆಟ್‌ನಲ್ಲಿ ಮೊದಲು ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಹಣ ಸುರಿಯಬಾರದು?

ಮನೆಯ ಮೂಲೆಯಲ್ಲಿ ಹತ್ತು ವರ್ಷದ ಹಿಂದಿನ ಡೆಸ್ಕ್‌ಟಾಪ್ ಇದೆ. ಅಪ್ಪನ ಲೆಕ್ಕಪತ್ರಕ್ಕೋ, ಅಕ್ಕನ ಪ್ರಾಜೆಕ್ಟ್‌ಗೋ ತಂದದ್ದು. ಈಗ ಕಾಲೇಜಿಗೆ ಹೋಗುವ ಮಗನಿಗೆ ಅದರಲ್ಲಿ ಗೇಮ್ ಆಡಬೇಕು. ಹೊಸ ಗೇಮಿಂಗ್ ಪಿಸಿ ಕೊಳ್ಳುವಷ್ಟು ಹಣವಿಲ್ಲ, ಕೈಯಲ್ಲಿರುವುದು ಹತ್ತು-ಹನ್ನೆರಡು ಸಾವಿರ ರೂಪಾಯಿ. ಅಂಗಡಿಯಲ್ಲಿ ಕೇಳಿದರೆ "ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ, ಸಾಕು" ಎಂಬ ಉತ್ತರ ಸಿಗುತ್ತದೆ. ಹಾಕಿಸಿದ ಮೇಲೆ ಪಿಸಿ ಆನ್ ಆಗುವುದಿಲ್ಲ. ಆನ್ ಆದರೂ ಗೇಮ್ ಶುರುವಾದ ಹತ್ತು ನಿಮಿಷಕ್ಕೆ ತಾನಾಗಿಯೇ ಆಫ್ ಆಗುತ್ತದೆ. ಹಣವೂ ಹೋಯಿತು, ಆಟವೂ ಇಲ್ಲ.

ಹಳೆ ಪಿಸಿಯನ್ನು ಗೇಮಿಂಗ್‌ಗೆ ಸಜ್ಜು ಮಾಡುವುದು ಖಂಡಿತ ಸಾಧ್ಯ. ಆದರೆ ಅದಕ್ಕೊಂದು ಕ್ರಮವಿದೆ. ಒಂದೇ ಒಂದು ಸೂತ್ರ ನೆನಪಿಟ್ಟುಕೊಂಡರೆ ಸಾಕು: ಮುಂದೆ ಹೊಸ ಪಿಸಿ ಕೊಂಡಾಗಲೂ ಬಳಸಬಹುದಾದ ಭಾಗಗಳಿಗೆ ಹಣ ಹಾಕಿ, ಹಳೆ ಮದರ್‌ಬೋರ್ಡ್ ಜೊತೆಗೇ ಮೂಲೆ ಸೇರುವ ಭಾಗಗಳಿಗೆ ಆದಷ್ಟು ಕಡಿಮೆ ಖರ್ಚು ಮಾಡಿ.

ಮೊದಲು ಪಿಸಿಯ ಜಾತಕ ನೋಡಿ

ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್‌ಪಿ ರಸ್ತೆ ಹೀಗೆ ಯಾವ ಮಾರುಕಟ್ಟೆಗೆ ಹೋದರೂ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಡೆಸ್ಕ್‌ಟಾಪ್‌ಗಳು ಸಿಗುತ್ತವೆ. ಇಂಥ ಪಿಸಿಗಳಲ್ಲಿ ಹೆಚ್ಚಾಗಿ ಕಾಣುವುದು ಇಂಟೆಲ್‌ನ 3 ಅಥವಾ 4ನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್. 2013ರಲ್ಲಿ ಬಂದ ಕೋರ್ ಐ5-4570 ಇದಕ್ಕೆ ಒಳ್ಳೆಯ ಉದಾಹರಣೆ. 4 ಕೋರ್, 3.2 ಗಿಗಾಹರ್ಟ್ಸ್ ವೇಗ, ಡಿಡಿಆರ್3 ರ‍್ಯಾಮ್. ಈ ಲೇಖನದ ಲೆಕ್ಕಾಚಾರಕ್ಕೆ ಇದನ್ನೇ ಇಟ್ಟುಕೊಳ್ಳೋಣ.

ಮನೆಯ ಪಿಸಿಯಲ್ಲಿ ಏನಿದೆ ಎಂದು ತಿಳಿಯಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಮತ್ತು ಗ್ರಾಫಿಕ್ಸ್ ವಿವರ ಸಿಗುತ್ತದೆ. ನಂತರ ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚಿ ಮೂರು ಸಂಗತಿ ಬರೆದಿಟ್ಟುಕೊಳ್ಳಿ. ಪವರ್ ಸಪ್ಲೈ ಮೇಲಿನ ಲೇಬಲ್‌ನಲ್ಲಿ ಎಷ್ಟು ವ್ಯಾಟ್ ಎಂದಿದೆ? ಮದರ್‌ಬೋರ್ಡ್‌ನಲ್ಲಿ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದೆಯೇ? ಕ್ಯಾಬಿನೆಟ್ ಪೂರ್ಣ ಅಗಲದ್ದೋ ಅಥವಾ ತೆಳುವಾದ ಸಣ್ಣ ಮಾದರಿಯೋ? ತೆಳು ಕ್ಯಾಬಿನೆಟ್ ಆದರೆ ಅದರೊಳಗೆ ಅರ್ಧ ಎತ್ತರದ 'ಲೋ ಪ್ರೊಫೈಲ್' ಕಾರ್ಡ್ ಮಾತ್ರ ಹಿಡಿಯುತ್ತದೆ. ಇದನ್ನು ನೋಡದೆ ಕಾರ್ಡ್ ತಂದು ವಾಪಸ್ ಕೊಡಲು ಅಲೆದವರು ಕಡಿಮೆಯಿಲ್ಲ.

ಅಡ್ಡಿಯಾಗುತ್ತಿರುವುದು ಯಾವುದು?

ಗೇಮ್ ನಿಧಾನವಾಗಲು ಕಾರಣ ಯಾವಾಗಲೂ ಗ್ರಾಫಿಕ್ಸ್ ಕಾರ್ಡ್ ಅಲ್ಲ. ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ಗಮನಿಸಿ. ಜಿಪಿಯು ಬಳಕೆ ಶೇ.95ಕ್ಕಿಂತ ಹೆಚ್ಚಿದ್ದು ಪ್ರೊಸೆಸರ್ ಆರಾಮವಾಗಿದ್ದರೆ ತೊಂದರೆ ಇರುವುದು ಗ್ರಾಫಿಕ್ಸ್‌ನಲ್ಲಿ. ಪ್ರೊಸೆಸರ್ ಶೇ.100ಕ್ಕೆ ತಲುಪಿ ಜಿಪಿಯು ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತಿದ್ದರೆ ದುಬಾರಿ ಕಾರ್ಡ್ ತಂದರೂ ಪ್ರಯೋಜನವಿಲ್ಲ. ರ‍್ಯಾಮ್ ಪೂರ್ತಿ ತುಂಬಿ, ಹಾರ್ಡ್ ಡಿಸ್ಕ್ ಶೇ.100 ತೋರಿಸುತ್ತಾ ಆಟ ಬಿಟ್ಟು ಬಿಟ್ಟು ತಡವರಿಸುತ್ತಿದ್ದರೆ ಕೊರತೆ ಇರುವುದು ಮೆಮೊರಿಯಲ್ಲಿ. ಡಾಕ್ಟರ್ ಪರೀಕ್ಷೆ ಮಾಡದೆ ಮಾತ್ರೆ ಬರೆಯುವುದಿಲ್ಲ. ಇಲ್ಲಿಯೂ ಅಷ್ಟೆ.

ದುಡ್ಡು ಖರ್ಚಿಲ್ಲದ ಕೆಲಸಗಳು

ಹತ್ತು ವರ್ಷದ ಪಿಸಿಯ ಪ್ರೊಸೆಸರ್ ಫ್ಯಾನ್ ಕೆಳಗೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಬೇಸಿಗೆಯಲ್ಲಿ ನಾಗಪುರ, ಹೈದರಾಬಾದ್‌ನಂಥ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಕಳೆದುಕೊಂಡ ವೇಗ ಮರಳಿ ಬರುತ್ತದೆ.

ರೆಸಲ್ಯೂಷನ್ ತಗ್ಗಿಸುವುದು ಇನ್ನೊಂದು ದಾರಿ. 1920×1080ರಲ್ಲಿ ಪ್ರತಿ ಫ್ರೇಮ್‌ಗೆ ಸುಮಾರು 20.7 ಲಕ್ಷ ಪಿಕ್ಸೆಲ್ ಚಿತ್ರಿಸಬೇಕು. 1280×720ರಲ್ಲಿ ಅದು 9.2 ಲಕ್ಷಕ್ಕೆ ಇಳಿಯುತ್ತದೆ, ಅಂದರೆ ಗ್ರಾಫಿಕ್ಸ್ ಮೇಲಿನ ಹೊರೆ ಅರ್ಧಕ್ಕಿಂತ ಕಡಿಮೆ. ಹಲವು ಗೇಮ್‌ಗಳಲ್ಲಿರುವ ಎಎಂಡಿಯ ಎಫ್‌ಎಸ್‌ಆರ್ ಆಯ್ಕೆಯ ಹಿಂದಿನ ಆವೃತ್ತಿಗಳು ಹಳೆ ಕಾರ್ಡ್‌ಗಳಲ್ಲೂ, ಎನ್‌ವಿಡಿಯಾ ಕಾರ್ಡ್‌ಗಳಲ್ಲೂ ಕೆಲಸ ಮಾಡುತ್ತವೆ. ನೆರಳು ಮತ್ತು ಪ್ರತಿಬಿಂಬದ ಸೆಟ್ಟಿಂಗ್ ಇಳಿಸಿದರೂ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಎಸ್‌ಎಸ್‌ಡಿ ಮತ್ತು ರ‍್ಯಾಮ್

ಹಾರ್ಡ್ ಡಿಸ್ಕ್‌ನಲ್ಲೇ ವಿಂಡೋಸ್ ಓಡುತ್ತಿದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೆ ಇರಲಿ. ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 500 ಎಂಬಿಗೂ ಹೆಚ್ಚು ಓದುತ್ತದೆ. ಚದುರಿರುವ ಸಣ್ಣ ಫೈಲ್‌ಗಳ ವಿಚಾರದಲ್ಲಿ ಅಂತರ ಇದಕ್ಕಿಂತಲೂ ದೊಡ್ಡದು. ಎಸ್‌ಎಸ್‌ಡಿ ಫ್ರೇಮ್ ಸಂಖ್ಯೆಯನ್ನು ಹೆಚ್ಚಿಸುವುದಿಲ್ಲ. ಆದರೆ ಪಿಸಿ ಆನ್ ಆಗುವುದು, ಗೇಮ್ ಲೋಡ್ ಆಗುವುದು ಬೇಗ ಆಗುತ್ತದೆ, ಆಟದ ನಡುವಿನ ತಡವರಿಕೆ ಕಡಿಮೆಯಾಗುತ್ತದೆ. ಇಂದಿನ ಕೆಲವು ಗೇಮ್‌ಗಳಿಗೆ ಎಸ್‌ಎಸ್‌ಡಿ ಕಡ್ಡಾಯವೇ ಆಗಿದೆ. ಹೊಸ ಪಿಸಿ ಬಂದಾಗ ಇದನ್ನು ಅದಕ್ಕೆ ಜೋಡಿಸಬಹುದು.

ರ‍್ಯಾಮ್ ವಿಚಾರ ಬೇರೆ. ಡಿಡಿಆರ್3 ರ‍್ಯಾಮ್ ಹೊಸ ಮದರ್‌ಬೋರ್ಡ್‌ಗಳಿಗೆ ಹೊಂದುವುದಿಲ್ಲ. ಆದ್ದರಿಂದ ಹೊಸದನ್ನು ದುಬಾರಿ ಬೆಲೆಗೆ ಕೊಳ್ಳುವ ಬದಲು ಪರೀಕ್ಷಿಸಿದ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸಾಕು. ಒಟ್ಟು 16 ಜಿಬಿ ಇದ್ದರೆ ಒಳ್ಳೆಯದು, 8 ಜಿಬಿಗಿಂತ ಕಡಿಮೆ ಇದ್ದರೆ ಕಷ್ಟ. 16 ಜಿಬಿಗೆ ಒಂದೇ ಬಣ್ಣದ ಸ್ಲಾಟ್‌ಗಳಲ್ಲಿ ಎರಡು 8 ಜಿಬಿ ಹಾಕಿದರೆ ಎರಡು ಚಾನೆಲ್‌ಗಳಲ್ಲಿ ಡೇಟಾ ಹರಿದು ವೇಗ ಹೆಚ್ಚುತ್ತದೆ.

ಕಡೆಗಣಿಸಬಾರದ ಪವರ್ ಸಪ್ಲೈ

ಬಜೆಟ್ ಗೇಮಿಂಗ್‌ನಲ್ಲಿ ಹೆಚ್ಚು ನಷ್ಟ ಮಾಡುವುದು ಈ ಕಬ್ಬಿಣದ ಡಬ್ಬಿಯೇ. ಆಫೀಸ್ ಪಿಸಿಗಳಲ್ಲಿ ಸಾಮಾನ್ಯವಾಗಿ 250ರಿಂದ 300 ವ್ಯಾಟ್‌ನ ಪವರ್ ಸಪ್ಲೈ ಇರುತ್ತದೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಪ್ರತ್ಯೇಕ ಕೇಬಲ್ ಇರುವುದೇ ಅಪರೂಪ. ಜೋಡಿಸಿ ಮಾರಿದ ಅಗ್ಗದ ಪಿಸಿಗಳ ಕಥೆ ಇನ್ನೂ ಕೆಟ್ಟದು. ಲೇಬಲ್ ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗಿನ ಶಕ್ತಿ ಅಷ್ಟಿರುವುದಿಲ್ಲ.

ಇದನ್ನು ಕಂಡುಹಿಡಿಯಲು ಸುಲಭ ಲೆಕ್ಕವಿದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ 12 ವೋಲ್ಟ್ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. ಲೇಬಲ್‌ನಲ್ಲಿ 12 ವೋಲ್ಟ್ ಎದುರು ಬರೆದ ಆಂಪಿಯರ್ ಅನ್ನು 12ರಿಂದ ಗುಣಿಸಿ. 14 ಆಂಪಿಯರ್ ಇದ್ದರೆ ಸಿಗುವುದು 168 ವ್ಯಾಟ್ ಅಷ್ಟೇ. ಅಂಥ ಡಬ್ಬಿಗೆ ದೊಡ್ಡ ಕಾರ್ಡ್ ಜೋಡಿಸುವುದು ಅಪಾಯ. ಹಾರ್ಡ್ ಡಿಸ್ಕ್ ಕೇಬಲ್‌ನಿಂದ ಕಾರ್ಡ್‌ಗೆ ವಿದ್ಯುತ್ ಕೊಡುವ ಅಗ್ಗದ ಅಡಾಪ್ಟರ್‌ಗಳನ್ನು ಬಳಸಬೇಡಿ. ಅವು ಬಿಸಿಯಾಗಿ ಕರಗುವ, ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ.

ಪವರ್ ಸಪ್ಲೈ ಬದಲಿಸುವುದಾದರೆ ವಾರಂಟಿ ಇರುವ, ಹೆಸರುವಾಸಿ ಬ್ರ್ಯಾಂಡ್‌ನ ಹೊಸದನ್ನೇ ಕೊಳ್ಳಿ. ಈ ಒಂದು ಭಾಗವನ್ನು ಸೆಕೆಂಡ್ ಹ್ಯಾಂಡ್ ತರಬೇಡಿ. ಆದರೆ ಒಂದು ಎಚ್ಚರಿಕೆ. ಬ್ರ್ಯಾಂಡೆಡ್ ಆಫೀಸ್ ಪಿಸಿಗಳ ಹಲವು ಮಾದರಿಗಳಲ್ಲಿ ಮದರ್‌ಬೋರ್ಡ್‌ನ ವಿದ್ಯುತ್ ಕನೆಕ್ಟರ್ 24 ಪಿನ್‌ನದಾಗಿರದೆ ಕಂಪನಿಯದೇ ವಿನ್ಯಾಸದ್ದಾಗಿರುತ್ತದೆ. ಮಾರುಕಟ್ಟೆಯ ಪವರ್ ಸಪ್ಲೈ ಅದಕ್ಕೆ ನೇರವಾಗಿ ಹೊಂದುವುದಿಲ್ಲ. ಕೊಳ್ಳುವ ಮುನ್ನ ಪಿನ್ ಎಣಿಸಿ, ಫೋಟೊ ತೆಗೆದುಕೊಂಡು ಹೋಗಿ.

ಯುಪಿಎಸ್ ಇದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು ಸುಮಾರು 360 ವ್ಯಾಟ್. ಬಾಡಿಗೆ ಮನೆಯಾದರೆ ಮೂರು ಪಿನ್ ಸಾಕೆಟ್‌ಗೆ ನಿಜವಾಗಿಯೂ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ.

ಯಾವ ಗ್ರಾಫಿಕ್ಸ್ ಕಾರ್ಡ್ ಸೂಕ್ತ?

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನೇ 75 ವ್ಯಾಟ್‌ವರೆಗೆ ಕೊಡುತ್ತದೆ. ಪವರ್ ಸಪ್ಲೈ ಬದಲಿಸಲಾಗದವರು ಈ ಮಿತಿಯೊಳಗಿನ ಕಾರ್ಡ್ ಹುಡುಕಬೇಕು. 2019ರಲ್ಲಿ ಬಂದ ಜಿಟಿಎಕ್ಸ್ 1650ರಲ್ಲಿ 75 ವ್ಯಾಟ್ ಮಾದರಿಗಳಿವೆ. ಅದರಲ್ಲೂ ಕೆಲವಕ್ಕೆ ಹೆಚ್ಚುವರಿ ಕೇಬಲ್ ಬೇಕು, ಹಾಗಾಗಿ ನೋಡಿ ಕೊಳ್ಳಿ. 2024ರ ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡ್ 70 ವ್ಯಾಟ್‌ನಲ್ಲಿ ಓಡುತ್ತದೆ. ಬೆಲೆ ಹೆಚ್ಚು, ಆದರೆ ಮುಂದಿನ ಪಿಸಿಗೂ ಬರುತ್ತದೆ. ಎಎಂಡಿಯ ಆರ್‌ಎಕ್ಸ್ 6400 ಕೇವಲ 53 ವ್ಯಾಟ್ ಬಳಸಿದರೂ ನಾಲ್ಕೇ ಲೇನ್‌ಗಳಲ್ಲಿ ಕೆಲಸ ಮಾಡುವುದರಿಂದ ಹಳೆ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡ್‌ಗಳಲ್ಲಿ ಅದರ ಪೂರ್ಣ ಶಕ್ತಿ ಸಿಗುವುದಿಲ್ಲ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ 'ರೀಸೈಜಬಲ್ ಬಾರ್' ಸೌಲಭ್ಯ ಬೇಕು, ಅದು ಇಂಥ ಹಳೆ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಅಗ್ಗಕ್ಕೆ ಸಿಗುತ್ತದೆಂದು ಜಿಟಿಎಕ್ಸ್ 1050 ಟಿಐ, 1060 ಕಾರ್ಡ್‌ಗಳ ಕಡೆ ಮನಸ್ಸು ಹೋಗುವುದು ಸಹಜ. ಆದರೆ 900 ಮತ್ತು 1000 ಸರಣಿಯ ಕಾರ್ಡ್‌ಗಳಿಗೆ ಎನ್‌ವಿಡಿಯಾ ಹೊಸ ಗೇಮ್‌ಗಳಿಗಾಗಿ ಕೊಡುತ್ತಿದ್ದ ಡ್ರೈವರ್ ಅಪ್‌ಡೇಟ್ 2025ರ ಅಕ್ಟೋಬರ್‌ಗೆ ಮುಗಿದಿದೆ. ಇನ್ನು ಮುಂದೆ ಭದ್ರತಾ ಅಪ್‌ಡೇಟ್ ಮಾತ್ರ. ಹಳೆಯ ಗೇಮ್‌ಗಳನ್ನಷ್ಟೇ ಆಡುವವರಿಗೆ ಇದು ತೊಂದರೆಯಲ್ಲ, ಹೊಸ ಗೇಮ್ ಬಯಸುವವರು ಯೋಚಿಸಬೇಕು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಅದನ್ನು ಪಿಸಿಗೆ ಹಾಕಿ, ಕನಿಷ್ಠ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಲು ಹೇಳಿ. ಪರದೆಯ ಮೇಲೆ ಚುಕ್ಕಿ, ಗೆರೆ ಕಾಣಿಸಿದರೆ ಬಿಟ್ಟುಬಿಡಿ. ಎಲ್ಲಾ ಫ್ಯಾನ್ ತಿರುಗುತ್ತಿವೆಯೇ, ಎಲ್ಲಾ ಪೋರ್ಟ್ ಕೆಲಸ ಮಾಡುತ್ತಿವೆಯೇ ನೋಡಿ. ಬಿಲ್ ಮತ್ತು ಉಳಿದ ವಾರಂಟಿ ಇರುವ ಕಾರ್ಡ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಲಾಭವೇ. ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ನಂಬಿ ಮುಂಗಡ ಹಣ ಕಳುಹಿಸಬೇಡಿ.

ಎರಡು ಸಣ್ಣ ವಿಷಯಗಳು ಮರೆಯದಿರಲಿ. ಹೊಸ ಕಾರ್ಡ್‌ಗಳಲ್ಲಿ ವಿಜಿಎ ಪೋರ್ಟ್ ಇರುವುದಿಲ್ಲ. ಹಳೆ ಮಾನಿಟರ್‌ಗೆ ಒಳ್ಳೆಯ ಕನ್ವರ್ಟರ್ ಬೇಕು. ಹಾಗೆಯೇ ಮಾನಿಟರ್ ಕೇಬಲ್ ಅನ್ನು ಮದರ್‌ಬೋರ್ಡ್‌ಗಲ್ಲ, ಕಾರ್ಡ್‌ಗೇ ಚುಚ್ಚಬೇಕು. ಹೊಸ ಕಾರ್ಡ್ ಹಾಕಿದರೂ ಗೇಮ್ ನಿಧಾನ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ ಆಗಿರುತ್ತದೆ.

ಯಾವ ಗೇಮ್ ಓಡುತ್ತದೆ, ಯಾವುದು ಓಡುವುದಿಲ್ಲ?

2015ರಲ್ಲಿ ಪಿಸಿಗೆ ಬಂದ ಜಿಟಿಎ 5ಕ್ಕೆ ಆಗ ಶಿಫಾರಸು ಮಾಡಿದ್ದು ಕೋರ್ ಐ5-3470, 8 ಜಿಬಿ ರ‍್ಯಾಮ್ ಮತ್ತು 2 ಜಿಬಿಯ ಜಿಟಿಎಕ್ಸ್ 660. ಐ5-4570 ಜೊತೆ ಜಿಟಿಎಕ್ಸ್ 1650 ಸೇರಿದರೆ ಇದಕ್ಕಿಂತ ಮೇಲೆಯೇ. ಆ ಕಾಲದ ನೂರಾರು ಒಳ್ಳೆಯ ಗೇಮ್‌ಗಳು ಇದರಲ್ಲಿ ಆರಾಮವಾಗಿ ಓಡುತ್ತವೆ. ಆದರೆ ಸೈಬರ್‌ಪಂಕ್ 2077ರ ಪರಿಷ್ಕೃತ ಕನಿಷ್ಠ ಅಗತ್ಯವೇ ಕೋರ್ ಐ7-6700, 12 ಜಿಬಿ ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಮತ್ತು ಎಸ್‌ಎಸ್‌ಡಿ. ಅಲ್ಲಿಗೆ ಈ ಪಿಸಿಯ ಮಿತಿ ಸ್ಪಷ್ಟ.

ಪ್ರೊಸೆಸರ್ ಅಡ್ಡಿಯಾದರೆ ಅದೇ ಬೋರ್ಡ್‌ಗೆ ಹೊಂದುವ ಕೋರ್ ಐ7-4770 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಅದರಲ್ಲಿ 4 ಕೋರ್ ಇದ್ದರೂ 8 ಥ್ರೆಡ್ ಇರುವುದರಿಂದ ತಡವರಿಕೆ ಕಡಿಮೆಯಾಗುತ್ತದೆ. ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ ಕೊಳ್ಳಿ, ಏಕೆಂದರೆ ಇದು ಮುಂದಿನ ಪಿಸಿಗೆ ಬರುವ ಭಾಗವಲ್ಲ.

ವಿಂಡೋಸ್ ಎಂಬ ಇನ್ನೊಂದು ಗೋಡೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. 4ನೇ ತಲೆಮಾರಿನ ಪಿಸಿ ಈ ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಕಡ್ಡಾಯ, ಹಾಗಾಗಿ ಆಟವೇ ತೆರೆಯದೆ ಹೋಗಬಹುದು. ಅದೇ ಪಿಸಿಯಲ್ಲಿ ಬ್ಯಾಂಕ್ ವ್ಯವಹಾರವನ್ನೂ ಮಾಡುವ ಮನೆಗಳು ಭದ್ರತಾ ಅಪ್‌ಡೇಟ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬ್ಯಾಂಕ್ ಕೆಲಸವನ್ನು ಬೇರೆ ಸಾಧನದಲ್ಲಿ ಮಾಡುವುದು ಒಳ್ಳೆಯದು.

ಎಲ್ಲಿ ನಿಲ್ಲಿಸಬೇಕು?

ಖರೀದಿಗೆ ಮುನ್ನ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ಎಸ್‌ಎಸ್‌ಡಿ, ಒಳ್ಳೆಯ ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡ್ ಮುಂದಿನ ಪಿಸಿಗೂ ಬರುವವು. ಡಿಡಿಆರ್3 ರ‍್ಯಾಮ್, ಹಳೆ ಪ್ರೊಸೆಸರ್ ಇಲ್ಲಿಗೇ ಮುಗಿಯುವವು. ಬಜೆಟ್‌ನ ದೊಡ್ಡ ಪಾಲು ಮೊದಲ ಪಟ್ಟಿಗೆ ಹೋಗಿದ್ದರೆ ಲೆಕ್ಕ ಸರಿಯಾಗಿದೆ. ಎರಡನೇ ಪಟ್ಟಿಯೇ ಬೆಳೆಯುತ್ತಿದ್ದರೆ ಅಥವಾ ಮದರ್‌ಬೋರ್ಡ್ ಕೂಡ ಬದಲಿಸಬೇಕು ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ ಹಣ ಕೂಡಿಡುವುದು ಜಾಣತನ.

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕೆಂದೇನೂ ಇಲ್ಲ. ಈ ತಿಂಗಳು ಧೂಳು ತೆಗೆದು ಎಸ್‌ಎಸ್‌ಡಿ ಹಾಕಿ ನೋಡಿ. ಬೇಕಾದ ಗೇಮ್ ಅಷ್ಟಕ್ಕೇ ಓಡಿದರೆ ಉಳಿದ ಹಣ ಜೇಬಿನಲ್ಲೇ ಇರಲಿ. ಓಡದಿದ್ದರೆ ಮುಂದಿನ ತಿಂಗಳು ಪವರ್ ಸಪ್ಲೈ, ಆಮೇಲೆ ಕಾರ್ಡ್.