ಮಹದಾಯಿ ಹೆಸರಿನ ಹಾಯಿದೋಣಿ

ಭಾರತೀಯ ನೌಕಾಪಡೆಯ ‘ಮ್ಹಾದೇಯಿ’ ಸುಮಾರು 17 ಮೀಟರ್ ಉದ್ದದ, ಒಂದೇ ಕಂಬದ ಹಾಯಿದೋಣಿ. ಹೆಸರು ಮಹದಾಯಿ ನದಿಯದು. ಗೋವಾದವರ ಬಾಯಲ್ಲಿ ಅದು ಮ್ಹಾದೇಯಿ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಈ ಹೆಸರೆತ್ತಿದರೆ ನೆನಪಾಗುವುದು ಕಳಸಾ-ಬಂಡೂರಿ ಯೋಜನೆ, ಬಂದ್, ಕುಡಿಯುವ ನೀರು. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟುವ ಅದೇ ನದಿ ಗೋವಾಕ್ಕಿಳಿದು ಮಾಂಡೋವಿಯಾಗುತ್ತದೆ. ಅದರ ನಡುವಿನ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಮರದ ತಿರುಳಿಗೆ ಫೈಬರ್‌ಗ್ಲಾಸ್ ಹೊದಿಸಿ ಕಟ್ಟಿದ ದೋಣಿ 2009ರ ಫೆಬ್ರವರಿಯಲ್ಲಿ ನೌಕಾಪಡೆ ಸೇರಿತು.

ಗಾಳಿ ಬೀಸಿದ ಕಡೆಗಷ್ಟೇ ಹಾಯಿದೋಣಿ ಹೋಗುತ್ತದೆ ಎಂಬ ನಂಬಿಕೆ ಓದಿದವರಲ್ಲೂ ಇದೆ. ಅದು ಶುದ್ಧ ತಪ್ಪು. ಬಿಗಿದ ಹಾಯಿ, ನೆಟ್ಟಗೆ ನಿಲ್ಲಿಸಿದ ವಿಮಾನದ ರೆಕ್ಕೆಯಂತೆ ಬಾಗಿರುತ್ತದೆ. ಓರೆಯಾಗಿ ಬಂದ ಗಾಳಿ ಅದರಿಂದ ತಿರುಗುವಾಗ ಹುಟ್ಟುವ ಬಲ ಬಹುಪಾಲು ಪಕ್ಕಕ್ಕೆ, ತುಸು ಮುಂದಕ್ಕೆ. ಪಕ್ಕಕ್ಕೆ ಜಾರಲು ಬಿಡದೆ ತಡೆಯುವುದು ಕೀಲ್, ಅಂದರೆ ದೋಣಿಯ ತಳದಿಂದ ನೀರಿಗಿಳಿದ ಭಾರದ ಅಲಗು. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಹಿಚುಕಿದರೆ ಪುಳಕ್ಕನೆ ಮುಂದೆ ಚಿಮ್ಮುತ್ತದೆ; ಗಾಳಿಗೂ ನೀರಿಗೂ ನಡುವೆ ಸಿಕ್ಕ ದೋಣಿಯ ಓಟವೂ ಹಾಗೆಯೇ. ನೇರ ಎದುರುಗಾಳಿಗೆ ಮಾತ್ರ ಮುಖ ಕೊಡಲಾಗದು. ಆಗ ಸುಮಾರು 45 ಡಿಗ್ರಿ ಓರೆಯಲ್ಲಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳುತ್ತ, ಅರಬೈಲ್ ಘಾಟಿ ಹತ್ತುವ ಬಸ್ಸಿನಂತೆ ಅದು ಸಾಗುತ್ತದೆ. ಅಲೆ ಹೊಡೆದು ವಾಲಿಸಿದಾಗ ಮತ್ತೆ ಎತ್ತಿ ನಿಲ್ಲಿಸುವುದೂ ಕೀಲಿನ ಭಾರವೇ.

ಇದೇ ದೋಣಿಯಲ್ಲಿ ದಿಲೀಪ್ ದೋಂದೆ 2009-10ರಲ್ಲಿ ನಾಲ್ಕು ಬಂದರುಗಳಲ್ಲಿ ತಂಗುತ್ತ ಒಬ್ಬರೇ ಭೂಮಿ ಸುತ್ತಿದರು. 2011ರಲ್ಲಿ ಮ್ಹಾದೇಯಿ ಕೇಪ್‌ಟೌನ್–ರಿಯೊ ರೇಸಿಗಿಳಿಯಿತು. 2012ರ ನವೆಂಬರ್ 1ರಂದು ಮುಂಬೈ ಬಿಟ್ಟ ಅಭಿಲಾಷ್ ಟಾಮಿ ಎಲ್ಲಿಯೂ ದಡ ಮುಟ್ಟದೆ 2013ರ ಮಾರ್ಚ್ 31ಕ್ಕೆ ಮರಳಿದರು. ಒಬ್ಬಂಟಿಯಾಗಿ, ತಡೆಯಿಲ್ಲದೆ ಭೂಮಿ ಸುತ್ತಿದ ಮೊದಲ ಭಾರತೀಯ ಅವರೇ.

ಸಮುದ್ರ ದಾಟಿದವನಿಗೆ ಜಾತಿಯಿಲ್ಲ ಎಂದು ಪ್ರಾಯಶ್ಚಿತ್ತ ಮಾಡಿಸಿದ ನಾಡಿದು. ಹಡಗಿನಲ್ಲಿ ಹೆಣ್ಣಿದ್ದರೆ ಅಪಶಕುನವೆಂದು ಪಶ್ಚಿಮದ ನಾವಿಕರೂ ನಂಬಿದ್ದರು. ಎರಡೂ ಹುರುಳಿಲ್ಲದ ಮಾತು. ವರ್ತಿಕಾ ಜೋಶಿ ಮತ್ತು ಐವರು ಮಹಿಳಾ ಸಂಗಾತಿಗಳು ಮ್ಹಾದೇಯಿಯಲ್ಲೇ ಪಳಗಿ, ಅದೇ ನಕ್ಷೆಯ ತಂಗಿ ದೋಣಿ ‘ತಾರಿಣಿ’ಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟರು. ಭೂಮಿ ಸುತ್ತಿ 2018ರ ಮೇ 21ಕ್ಕೆ ಅಲ್ಲಿಗೇ ಬಂದರು. ಅಕ್ಕ ಓಡಿದ್ದ ಕೇಪ್‌ಟೌನ್–ರಿಯೊ ರೇಸಿಗೆ 2023ರ ಜನವರಿಯಲ್ಲಿ ತಾರಿಣಿಯೂ ಇಳಿಯಿತು.