ಎರಡು ಸೊಳ್ಳೆಗಳಿಂದ 250 ಪದಗಳವರೆಗೆ

ವೈದ್ಯಕೀಯ ಸಂಶೋಧನಾ ಪ್ರಬಂಧದ ಶೀರ್ಷಿಕೆ ಪುಟಕ್ಕೂ ಅದರ ಬೆನ್ನಿಗೇ ಬರುವ ಸಾರಾಂಶಕ್ಕೂ ಇಂದು ಇರುವ ಕಟ್ಟುನಿಟ್ಟಾದ ರೂಪವು ಒಂದೇ ದಿನದಲ್ಲಿ ಯಾರೋ ವಿಧಿಸಿದ್ದಲ್ಲ. ಪ್ರಬಂಧದಿಂದ ಅದರ ಓದುಗ ದೂರವಾದಂತೆಲ್ಲ ಅದು ಬೆಳೆದುಬಂದಿತೆಂಬುದು ಹೈದರಾಬಾದಿಗೆ ಸಂಬಂಧಿಸಿದ ಎರಡು ಪ್ರಬಂಧಗಳನ್ನು ನೋಡಿದರೆ ತಿಳಿಯುತ್ತದೆ.

ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು, ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಕೋಶಗಳನ್ನು ಕಂಡ ಸೇನಾವೈದ್ಯ ರೊನಾಲ್ಡ್ ರಾಸ್, ಅದರ ವಿವರವನ್ನು ಅದೇ ವರ್ಷದ ಡಿಸೆಂಬರ್ 18ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ಬರಹದ ತಲೆಯಲ್ಲಿದ್ದದ್ದು ಶೀರ್ಷಿಕೆ, ಲೇಖಕರ ಹೆಸರು ಮತ್ತು ಹುದ್ದೆ, ಜೊತೆಗೆ ಮತ್ತೊಬ್ಬ ಸೇನಾವೈದ್ಯರ ಟಿಪ್ಪಣಿಯಿದೆ ಎಂಬ ಸೂಚನೆ ಮಾತ್ರ, ಸಾರಾಂಶವಿರಲಿಲ್ಲ. ಆದರೂ ಆ ಶೀರ್ಷಿಕೆ ಇಂದಿಗೂ ಮಾದರಿಯಾಗಬಲ್ಲದು, ಏಕೆಂದರೆ ಮಲೇರಿಯಾ ರಕ್ತ ಹೀರಿದ ಎರಡು ಸೊಳ್ಳೆಗಳಲ್ಲಿ ಕಂಡ ವಿಶಿಷ್ಟ ಕೋಶಗಳು ಎಂದಷ್ಟೇ ಹೇಳುವ ಅದು, ಏನು ಕಂಡಿತು ಮತ್ತು ಎಷ್ಟರಲ್ಲಿ ಕಂಡಿತು ಎಂಬುದನ್ನು ಮುಚ್ಚಿಡದೆ ತಿಳಿಸುತ್ತದೆ. ರೋಗ ಹರಡುವ ಬಗೆಯನ್ನು ಕಂಡುಹಿಡಿದೆನೆಂದು ಹೇಳಿಕೊಳ್ಳುವುದಿಲ್ಲ.

ಕೂನೂರಿನಲ್ಲಿದ್ದ ಪೌಷ್ಟಿಕತೆಯ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ಬಂದ ಮೇಲೆ, ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರ ‘ಲ್ಯಾನ್ಸೆಟ್’ನಲ್ಲಿ ‘ಲ್ಯೂಸಿನ್ ಮತ್ತು ಪೆಲ್ಲಾಗ್ರಾ’ ಎಂಬ ಪ್ರಬಂಧವನ್ನು ಪ್ರಕಟಿಸಿದರು. ಜೋಳವೇ ಮುಖ್ಯ ಆಹಾರವಾದವರಲ್ಲಿ ಕಾಣುವ ಪೆಲ್ಲಾಗ್ರಾ, ಅಂದರೆ ಚರ್ಮ ಒಡೆದು ಭೇದಿಯಾಗಿ ಮನಸ್ಸನ್ನೂ ಕದಡುವ ಕಾಯಿಲೆಗೆ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಕಾರಣವಾಗಬಹುದೆಂಬ ಮಹತ್ವದ ವಾದ ಅದರಲ್ಲಿತ್ತು. ಸಂಚಿಕೆಯನ್ನು ಕೈಯಲ್ಲಿ ಹಿಡಿದವರಿಗೆ ಇಷ್ಟು ಚಿಕ್ಕ ಹೆಸರು ಸಾಕು. ವಿಷಯಸೂಚಿಯಲ್ಲಿ ಆ ಒಂದೇ ಸಾಲನ್ನು ಕಾಣುವ ದೂರದ ವೈದ್ಯನಿಗಾದರೋ ಎರಡರ ಸಂಬಂಧವೇನೆಂಬುದು ತಿಳಿಯದು. ಪತ್ರಿಕೆಗಳು ಹೆಚ್ಚಿ, ಹುಡುಕಾಟ ಗಣಕಯಂತ್ರಕ್ಕೆ ಹೋದ ಮೇಲೆ ಈ ಕೊರತೆ ಎಲ್ಲೆಡೆ ದೊಡ್ಡದಾಯಿತು.

ಕೆನಡಾದ ವ್ಯಾಂಕೂವರಿನಲ್ಲಿ 1978ರಲ್ಲಿ ಸೇರಿದ ಸಂಪಾದಕರ ಚಿಕ್ಕ ಗುಂಪು ಹಸ್ತಪ್ರತಿಗಳಿಗೆ ಸಮಾನ ನಿಯಮಗಳನ್ನು ರೂಪಿಸಿ ಮರುವರ್ಷ ಪ್ರಕಟಿಸಿತು. ಉದ್ದೇಶ, ವಿಧಾನ, ಫಲಿತಾಂಶ, ನಿರ್ಣಯ ಮೊದಲಾದ ಉಪಶೀರ್ಷಿಕೆಗಳಡಿ ಬರೆಯುವ ರಚನಾಬದ್ಧ ಸಾರಾಂಶವನ್ನು 1987ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಮುಂದಿಟ್ಟಿತು. 250 ಪದಗಳ ಮಿತಿ ಕ್ರಮೇಣ ರೂಢಿಯಾಯಿತು. ಲೇಖಕರಾರೆಂದು ತಿಳಿಯದೆ ವಿಮರ್ಶಕರು ಪರಿಶೀಲಿಸುವ ಪದ್ಧತಿಯಿರುವ ಪತ್ರಿಕೆಗಳಲ್ಲಿ ಹೆಸರು, ಸಂಸ್ಥೆ, ಸಂಪರ್ಕ ವಿಳಾಸ, ಧನಸಹಾಯದ ವಿವರಗಳೆಲ್ಲ ಶೀರ್ಷಿಕೆ ಪುಟದಲ್ಲಿ ಬೇರೆಯಾಗಿಯೇ ಉಳಿಯುತ್ತವೆ. ಭಾರತದಲ್ಲಿ ಚಿಕಿತ್ಸಾ ಪ್ರಯೋಗಗಳ ನೋಂದಣಿ 2009ರ ಜೂನ್ 15ರಿಂದ ಕಡ್ಡಾಯವಾದ ಮೇಲೆ, ಹೈದರಾಬಾದಿನ ಆಸ್ಪತ್ರೆಗಳಿಂದ ಹೊರಡುವ ಇಂಥ ಪ್ರಯೋಗಗಳ ಪ್ರಬಂಧಗಳ ಸಾರಾಂಶದ ಕೊನೆಯಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸುವುದು ವಾಡಿಕೆಯಾಗಿದೆ. ಆ ಸಂಖ್ಯೆಯನ್ನು ಹಿಡಿದು ಹೋದವರು, ಪ್ರಯೋಗಕ್ಕೆ ಮುನ್ನ ಏನನ್ನು ಅಳೆಯುವುದಾಗಿ ಹೇಳಿದ್ದರೋ ಅದನ್ನೇ ಅಳೆದರೇ ಎಂದು ತಾಳೆ ನೋಡಬಹುದು.